ಸಾಕ್ಷಿ ಕೇಳಿದವನ ಪತ್ರ

ಎಂಟು ತಿಂಗಳ ಬಸುರಿಯನ್ನು ಒಂದೇ ವಾರದಲ್ಲಿ ಮೂರು ಸಲ ಗುಡ್ಡ ಹತ್ತಿಸಿದ ಗಂಡ ನಮ್ಮ ಜೇಮೆ ಊರಿನಲ್ಲಿ ಇನ್ನೊಬ್ಬನಿಲ್ಲ. ನನ್ನ ಗಂಡ ಪಾಹಮ್, ಕಾಲುವೆ ತೋಡುವ ಬಿಟ್ಟಿ ಕೆಲಸಕ್ಕೆ ಬರುವುದಿಲ್ಲ ಎಂದು ಜಗಳ ತೆಗೆದು, ಊರ ಯಜಮಾನ ಶೆನೆತೋಮನ ಕಾವಲುಗಾರನ ಹಲ್ಲು ಮುರಿದು, ಗುಡ್ಡದ ಮೇಲಿನ ಮಠದಲ್ಲಿ ಅಡಗಿ ಕೂತಿದ್ದ. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ನಾನು ಹೇಗೋ ಉಳಿದೆ. ಈ ಸಲ ಇವನು ಮನೆಯಲ್ಲಿರಲೇಬೇಕಿತ್ತು.

ಓಡಿಹೋದವರನ್ನು ಮರಳಿ ಕರೆಸಲು ಯಜಮಾನ ಕೊಡುವ ಅಭಯಪತ್ರಕ್ಕೆ ನಾವು ‘ದೇವರ ಮಾತು’ ಅನ್ನುತ್ತೇವೆ. ಶೆನೆತೋಮನ ಬಾಗಿಲಲ್ಲಿ ಎರಡು ದಿನ ಕೂತು, ಅತ್ತೂ ಕರೆದೂ ಅದನ್ನು ಪಡೆದೆ. ಇಗರ್ಜಿಯ ಬರಹಗಾರ ಪ್ಸಾತೆ ಅದನ್ನು ಮಡಕೆಯ ಬೋಕಿಯ ಮೇಲೆ ಬರೆದುಕೊಟ್ಟ: “ಪಾಹಮ್, ಇಗೋ ದೇವರ ಮಾತು. ಮನೆಗೆ ಬಾ. ನಿನಗೆ ಕೇಡು ಮಾಡುವುದಿಲ್ಲ.”

ಗುಡ್ಡ ಹತ್ತಿ ಕೊಟ್ಟೆ. ಪಾಹಮ್ ಓದಿ ಮೂಗು ಮುರಿದ. “ಯಜಮಾನನ ರುಜು ಎಲ್ಲಿದೆಯೇ?”

ಇಳಿದೆ. ರುಜು ಹಾಕಿಸಿದೆ. ಮತ್ತೆ ಹತ್ತಿದೆ.

“ಬೋಕಿ ಮೇಲೆ ಬರ್ಸಿದ್ದಾನೆ. ನಾನೇನು ನಾಯಿನಾ, ಬೋಕೀಲಿ ಹಾಕಿದ್ದಕ್ಕೆ ಓಡಿ ಬರೋಕೆ? ಪಪೈರಸ್ ಹಾಳೆ ಮೇಲೆ ಬರ್ಸು. ಇಬ್ಬರು ಸಾಕ್ಷಿ ಇರ್ಲಿ.”

“ನನ್ನ ಹೊಟ್ಟೆ ನೋಡು.”

“ನೋಡೇ ಹೇಳ್ತಿರೋದು. ನಾಳೆ ನನ್ನ ಕಟ್ಟಿಹಾಕಿದ್ರೆ ಇದನ್ನ ಸಾಕೋರ್ಯಾರು?”

ಆ ಬೋಕಿಯನ್ನು ಅವನ ತಲೆಗೇ ಎಸೆಯಬೇಕು ಅನ್ನಿಸಿತು. ಸನ್ಯಾಸಿಗಳು ನೋಡುತ್ತಿದ್ದರೆಂದು ಸುಮ್ಮನಾದೆ.

ಪಪೈರಸ್ಸಿಗಾಗಿ ಊರೆಲ್ಲ ಅಲೆದೆ. ಒಂದು ತುಂಡೂ ಸಿಗಲಿಲ್ಲ. ಕೊನೆಗೆ, ತೀರಿಹೋದ ಅಪ್ಪ ಮಡಕೆಯಲ್ಲಿ ಜೋಪಾನ ಮಾಡಿಟ್ಟಿದ್ದ ಹಳೆಯ ಪತ್ರವನ್ನೇ ತೆಗೆದೆ. ಹಿಂಬದಿ ಖಾಲಿಯಿತ್ತು.

ಪ್ಸಾತೆ ಮುಂಬದಿ ಓದಿ ತಲೆಯೆತ್ತಿದ. “ಇದ್ರ ಮೇಲಾ, ಕೊಲೋಜೆ ಅಕ್ಕಾ?”

“ಬರೀರಿ ಅಯ್ಯನೋರೆ. ನಂಗೆ ಸಾಕಾಗಿಹೋಗಿದೆ.”

ಬರೆದ. ಯಜಮಾನ ರುಜುವನ್ನೂ ಹಾಕಿದ. ಸಾಕ್ಷಿ ಹಾಕಬೇಕಾದವರೆಲ್ಲ ಗೋಧಿ ಕೊಯ್ಲಿಗೆ ಹೋಗಿದ್ದರು. ಇನ್ನೊಂದು ದಿನ ಕಾಯುವ ತಾಳ್ಮೆ ನನಗಿರಲಿಲ್ಲ. ಹಾಗೇ ಹೊರಟೆ.

ಪಾಹಮ್ ಎರಡೆರಡು ಸಲ ಓದಿದ. “ಸಾಕ್ಷಿ ಎಲ್ಲಿ?”

ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತೆ. ಸಾಕ್ಷಿ ಹುಡುಕುತ್ತಾ ಅವನು ಹಾಳೆ ತಿರುಗಿಸಿದ. ಅಲ್ಲಿದ್ದುದು ಅವನದೇ ಸೊಟ್ಟ ಅಕ್ಷರ. ಆರು ವರ್ಷದ ಹಿಂದೆ ಕೆಫ್ಟ್ ಪಟ್ಟಣದಿಂದ ನನ್ನಪ್ಪನಿಗೆ ಬರೆದದ್ದು: “ಎಲ್ಲಕ್ಕೂ ಮೊದಲು ನಿಮ್ಮ ಪಾದಪೀಠಕ್ಕೆ ನಮಸ್ಕಾರ. ನಿಮ್ಮ ಮಗಳನ್ನು ನನಗೆ ಕೊಡಿ. ಕಷ್ಟದಲ್ಲಿ ಅವಳನ್ನು ಒಂಟಿಯಾಗಿ ಬಿಡುವುದಿಲ್ಲ, ದೇವರಾಣೆ.”

ಅವನ ತುಟಿ ಅಲ್ಲಾಡುವುದು ನಿಂತಿತು.

“ಅದಕ್ಕೂ ಸಾಕ್ಷಿ ಇರ್ಲಿಲ್ಲ,” ಅಂದೆ. “ನಮ್ಮಪ್ಪ ಕೇಳ್ಲೂ ಇಲ್ಲ. ನನ್ನೇ ಕೊಟ್ಟುಬಿಟ್ಟ.”

ಪಾಹಮ್ ಹಾಳೆಯನ್ನು ಮಡಚಿದ. ಯಾವ ಬದಿ ಹೊರಗಿರಬೇಕೆಂದು ತಿಳಿಯದೆ ಬಿಚ್ಚಿ ಮತ್ತೆ ಮಡಚಿದ. ಆಮೇಲೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಂದು ಕೈ ಚಾಚಿದ.

“ನನ್ನ ಭುಜ ಹಿಡ್ಕೊ. ದಾರಿ ಜಾರುತ್ತೆ.”

“ಮೂರು ಸಲ ಹತ್ತಿದ್ದೀನಿ,” ಅಂದೆ. “ಇವತ್ತು ಗೊತ್ತಾಯ್ತಾ ನಿಂಗೆ?”