ಸಾಣೆಗೆ ಹಚ್ಚದ ನೀಲಿ

"ಬೆಲ್ಟು ಕೊಡು, ನೀಲಗಂಗಾ."

"ಕೊಡಂಗಿಲ್ರೀ ಮಾಲಕರ."

ಮುಂಬಯಿ ಹತ್ತಿರದ ಉಲ್ಹಾಸನಗರದ ಆ ತಗಡಿನ ಶೆಡ್ಡಿನಲ್ಲಿ ಉಂಗುರದ ಹರಳು ತೇಯುವ ನಾಲ್ಕೂ ಸಾಣೆಗಳು ನಿಂತಿದ್ದವು. ಅವನ್ನು ತಿರುಗಿಸುವ ಮೋಟಾರಿನ ಬೆಲ್ಟನ್ನು ಕಳಚಿ ನೀಲಗಂಗಾ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾಲೀಕ ವೀರಭದ್ರಪ್ಪನವರ ಮುಂದೆ ಒಂದು ಡಬ್ಬಿ ತುಂಬ ಆಕಾಶನೀಲಿ ಕಲ್ಲು. ಮುಂಬಯಿಯ ಯಾವುದೋ ಹಳೇ ಬಂಗಲೆಯ ಹರಾಜಿನಲ್ಲಿ, ಉಂಗುರಕ್ಕೆ ಕೂರಿಸುವ ನೀಲಿ ಹರಳು ಪಿರೋಜಾ ಎಂದು ನಂಬಿ ತಂದದ್ದು. ಅದು ಎಪ್ಪತ್ತೆಂಟರ ಬೇಸಿಗೆ.

ಹನ್ನೊಂದು ವರ್ಷ ಕಲ್ಲು ತೇಯ್ದ ನೀಲಗಂಗಾಳ ಕೈಗೆ ಶನಿವಾರವೇ ಅನುಮಾನ ಬಂದಿತ್ತು. ಉಗುರು ತಾಗಿದರೆ ಗೀರು ಬೀಳುವ ಪಿರೋಜಾವನ್ನು ಅವಳು ಕಂಡಿರಲಿಲ್ಲ. ಒಂದು ಚೂರನ್ನು ಕಾಗದದಲ್ಲಿ ಸುತ್ತಿ, ಶಹಾಡದ ಚಾಳಿನಲ್ಲಿ ನೆರೆಯವಳಾದ ಮಂಗಳೂರಿನ ಜಲಜಾಕ್ಷಿಗೆ ಕೊಟ್ಟಳು. ಜಲಜಾಕ್ಷಿ ಕಲ್ಯಾಣದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ನಿನ್ನೆ ಸಂಜೆ ಓಡಿಬಂದಿದ್ದಳು.

"ಇದ್ದಿಲ ಮೇಲಿಟ್ಟು ಕಾಸಿದರೆ ಬೆಳ್ಳುಳ್ಳಿ ವಾಸನೆ ಮಾರಾಯ್ತಿ! ತಾಮ್ರದ ಜೊತೆ ಪಾಷಾಣದ ವಿಷ ಉಂಟಂತೆ ಇದರಲ್ಲಿ. ಲಿರೋಕೋನೈಟೋ ಎಂತದೋ ಹೆಸರು. ನಮ್ಮ ಪ್ರೊಫೆಸರು ಇಷ್ಟು ವರ್ಷ ಪುಸ್ತಕದಲ್ಲಿ ಮಾತ್ರ ನೋಡಿದ್ದಂತೆ. ಇದರ ಧೂಳು ಮೂಗಿಗೆ ಹೋಗ್ಲಿಕ್ಕೆ ಬಿಡ್ಬೇಡ."

ಅದನ್ನೆಲ್ಲ ಈಗ ನೀಲಗಂಗಾಳ ಬಾಯಿಂದ ಕೇಳಿದ ವೀರಭದ್ರಪ್ಪ ಗುಡುಗಿದರು. "ಕಾಲೇಜಿನವ್ರ ಮಾತು ಕಟ್ಕೊಂಡು ನನ್ನ ಆರ್ಡರ್ ಮುಳುಗಸ್ತಿ ಏನು? ಕೆಲಸ ಬೇಕಾಗಿಲ್ಲೇನ?"

"ಬೇಕ್ರಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನ. ಆದ್ರ ಬಾಲಮ್ಮ ಬಸುರಿ ಅದಾಳ. ಆಕಿ ಬಗಲಾಗ ಕುಂತು ನಾ ಪಾಷಾಣ ತೇಯಂಗಿಲ್ಲ."

ಪಕ್ಕದ ಸಾಣೆಯ ಬಾಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ಎದ್ದು ಹೊರಗೆ ಹೋದಳು. ಉಳಿದಿಬ್ಬರು ಹೆಂಗಸರೂ ಅವಳ ಹಿಂದೆಯೇ ನಡೆದರು.

ವೀರಭದ್ರಪ್ಪ ಹಟಕ್ಕೆ ಬಿದ್ದು, ಅರ ತೆಗೆದುಕೊಂಡು ತಾವೇ ಒಂದು ಕಲ್ಲನ್ನು ಉಜ್ಜಿದರು. ಎರಡೇ ಎಳೆತಕ್ಕೆ ಅದು ಸೀಮೆಸುಣ್ಣದಂತೆ ಉದುರಿ ಬೆರಳೆಲ್ಲ ತಿಳಿನೀಲಿಯಾಯಿತು. ಅವರ ಕೈ ನಿಂತಿತು. ಮೂವತ್ತು ವರ್ಷ ಹರಳಿನ ವ್ಯಾಪಾರ ಮಾಡಿದವರಿಗೆ ಇದು ಪಿರೋಜಾ ಅಲ್ಲವೆಂದು ಇನ್ನಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಡಬ್ಬಿ ತೋರ್ಸಬೇಕಂದ್ರ ಆ ಪ್ರೊಫೆಸರ್ ಎಷ್ಟೊತ್ತಿನ ತನಕ ಸಿಗ್ತಾರ?" ಎಂದರು, ಅವಳ ಮುಖ ನೋಡದೆ.

"ಐದರ ತನಕ ಇರ್ತಾರಂತ್ರಿ. ಮೊದ್ಲ ಕೈ ತೊಳ್ಕೋರಿ. ಬಾಯಿಗೆ ಮುಟ್ಟಸಬ್ಯಾಡ್ರಿ."

ನೀಲಗಂಗಾ ಡಬ್ಬಿಯ ಮುಚ್ಚಳ ಒತ್ತಿ, ಬೆಲ್ಟನ್ನು ಗೂಟಕ್ಕೆ ತೂಗುಹಾಕಿ, ಹೊರಗಿನ ನಲ್ಲಿ ತಿರುವಿದಳು. ವೀರಭದ್ರಪ್ಪ ಎರಡೂ ಅಂಗೈ ಚಾಚಿ ಬಗ್ಗಿ ನಿಂತರು. ನೀಲಿ ನೀರು ಚಪ್ಪಡಿಯ ಮೇಲೆ ಹರಿದು ಮೋರಿಗಿಳಿಯಿತು.

"ಇನ್ನೊಮ್ಮೆ," ಎಂದಳು ಅವಳು, ಸೋಪನ್ನು ಅವರ ಕೈಗಿಡುತ್ತ.