ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ

ಜೆ.ಪಿ. ನಗರದ ಸಿರಿ ವಿದೇಶದಲ್ಲಿ ಎಂ.ಎ. ಓದಲು ಅರ್ಜಿ ಹಾಕಿದ್ದಾಳೆ, ಅದೂ ಇಂಟರ್‌ನ್ಯಾಷನಲ್ ಅಫೇರ್ಸ್ ಎಂಬ ವಿಷಯಕ್ಕೆ, ಎಂದು ಗೊತ್ತಾದಾಗ ಅವಳ ಸೋದರಮಾವ ಆಡಿದ ಮಾತು ನೆಂಟರ ಮನೆಗಳಲ್ಲೆಲ್ಲ ಓಡಾಡಿಕೊಂಡು ಬಂತು. ಲೋಕಲ್ ಅಫೇರನ್ನೇ ಸಂಭಾಳಿಸಲಾಗದ ಕಾಲದಲ್ಲಿ ಈ ಹುಡುಗಿಗೆ ಇಂಟರ್‌ನ್ಯಾಷನಲ್ಲೇ ಬೇಕಂತೆ, ಎಂದು. ಬನಶಂಕರಿಯಲ್ಲಿ ನಲ್ಲಿ, ಪೈಪು, ಕಮೋಡುಗಳ ಅಂಗಡಿ ಇಟ್ಟಿದ್ದ ಅಪ್ಪ ಬಸವಪ್ರಸಾದ್ ಗಿರಾಕಿಗಳ ಮುಂದೆ ಅದನ್ನು 'ಅಂತರರಾಷ್ಟ್ರೀಯ ವ್ಯವಹಾರ' ಎಂದು ಕನ್ನಡಿಸುತ್ತಿದ್ದರು. ಗಿರಾಕಿಗಳು ಎಕ್ಸ್‌ಪೋರ್ಟ್ ಇರಬೇಕು ಎಂದುಕೊಂಡು ತಲೆದೂಗುತ್ತಿದ್ದರು. ವ್ಯವಹಾರ ಕಲಿಯಲು ಅಷ್ಟು ದೂರ ಯಾಕೆ, ನಿಮ್ಮಪ್ಪನ ಗಲ್ಲಾದ ಹಿಂದೆ ಕೂತರೆ ಸಾಲದೇ ಎಂದು ಕೇಳಿದವರು ಅಜ್ಜಿ ಸಿದ್ದಗಂಗಮ್ಮ ಒಬ್ಬರೇ.

ಸಿರಿ ಎಲ್ಲರಿಗೂ ಅವರವರ ದನಿಯಲ್ಲೇ ಉತ್ತರ ಕೊಡುತ್ತಿದ್ದಳು. ಹುಟ್ಟಿದಾಗಿನಿಂದ ಬಂದ ಚಾಳಿ ಅದು. ಮಾವನಿಗೆ ಮಾವನ ಮೂಗಿನ ದನಿ, ಅಜ್ಜಿಗೆ ಅಜ್ಜಿಯ ತುಮಕೂರು ಕಡೆಯ ಎಳೆತ. ಕಾಲೇಜಿನಲ್ಲಿ ಹುಡುಗರು ಫೋನನ್ನು ಎಬ್ಬಿಸುವ ಹಾಗೆ 'ಹೇ ಸಿರಿ' ಎಂದು ಕೂಗಿದರೆ, ಫೋನಿನೊಳಗಿನ ಹೆಂಗಸಿನ ದನಿಯಲ್ಲೇ, ಕ್ಷಮಿಸಿ, ನಿಮ್ಮ ಪ್ರಶ್ನೆ ನನಗೆ ಅರ್ಥವಾಗಲಿಲ್ಲ, ನಿಮಗಾದರೂ ಆಗಿದೆಯೇ ಎಂದು ಕೇಳುತ್ತಿದ್ದಳು. ಮೇಷ್ಟರುಗಳಲ್ಲಿ ಅವಳಿಗೆ ಅಚ್ಚೊತ್ತಿದಂತೆ ಬರುತ್ತಿದ್ದವರು ರಾಜ್ಯಶಾಸ್ತ್ರದ ಗಂಗಾಧರಯ್ಯ. ಪ್ರಶ್ನೆ ಕೇಳಿದರೆ ಅವರು ಮೊದಲು ಒಂದು ಉಸಿರು ಬಿಡುತ್ತಿದ್ದರು, ಸೀಟಿ ಹೊಡೆಯಲೋ ಬೇಡವೋ ಎಂದು ಕುಕ್ಕರು ಯೋಚಿಸುವ ಹಾಗೆ. ಆಮೇಲೆ 'ನೋಡೀ...' ಎಂದು ಎಳೆದು, ಉತ್ತರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಒಳಗೆ ಹೋಗುತ್ತಿದ್ದರು. ಸಿರಿ ಅದನ್ನು ಮಾಡಿ ತೋರಿಸಿದರೆ ಕ್ಯಾಂಟೀನಿನಲ್ಲಿ ಕಾಫಿ ಮೂಗಿಗೇರಿಸಿಕೊಳ್ಳದವರಿರಲಿಲ್ಲ.

ಅರ್ಜಿಯ ಜೊತೆಗೆ ಶಿಫಾರಸು ಪತ್ರ ಬೇಕು ಎಂದಾಗ ಅವಳಿಗೆ ನೆನಪಾದದ್ದೂ ಅವರೇ. ನಿವೃತ್ತರಾಗಿ ಯಡಿಯೂರಿನ ಮನೆಯಲ್ಲಿದ್ದರು. ಆ ಕಡೆಯ ಹಳೆಯ ಊರಿನವರು. ಅಜ್ಜನ ಕಾಲದಲ್ಲಿ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತು, ಕೆಳಗೆ ತಾವು, ಮೇಲೆ ಬಾಡಿಗೆಯವರು. ಡಿಸೆಂಬರಿನಲ್ಲಿ ಸಿರಿ ಹೋಗಿ ಕೇಳಿದಾಗ ಅವರು ಉಸಿರು ಬಿಟ್ಟು, ಜೀವಮಾನವೆಲ್ಲ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡಿದ ತಮ್ಮ ಇಂಗ್ಲಿಷು ವಿಮಾನ ಹತ್ತುವಷ್ಟು ಗಟ್ಟಿಯಿಲ್ಲ ಎಂದರು.

"ನೀನೇ ಬರ್ಕೊಂಡ್ ಬಾರಮ್ಮ, ಸೈನ್ ಹಾಕ್ತೀನಿ."

ಇದು ಅವರು ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮ ಕಾಲೇಜುಗಳಲ್ಲಿ ಶಿಷ್ಯ ತನ್ನನ್ನು ತಾನೇ ಹೊಗಳಿಕೊಳ್ಳುವುದು, ಗುರು ಅಸ್ತು ಎನ್ನುವುದು ಮೊದಲಿನಿಂದ ನಡೆದುಬಂದ ಸಂಪ್ರದಾಯ. ಅದರಲ್ಲಿ ಮೋಸವಿದೆ ಎಂದು ಗುರುವಿಗೂ ಅನ್ನಿಸುವುದಿಲ್ಲ, ಶಿಷ್ಯನಿಗೂ ಅನ್ನಿಸುವುದಿಲ್ಲ. ಸಿರಿಗಂತೂ ಖುಷಿಯೇ ಆಯಿತು. ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡು, ಗಂಗಾಧರಯ್ಯನವರನ್ನು ಗಂಟಲಿಗೆ ಕರೆಸಿಕೊಂಡು, ಒಂದೊಂದು ವಾಕ್ಯವನ್ನೂ ಜೋರಾಗಿ ಹೇಳಿ ಹೇಳಿ ಬರೆದಳು. ದನಿ ಅವರದೇ, ಹೊಗಳಿಕೆ ಮಾತ್ರ ಇಂಟರ್‌ನೆಟ್ಟಿನದು. ನನ್ನ ಸುದೀರ್ಘ ವೃತ್ತಿಜೀವನದಲ್ಲಿ ಇಂಥ ನಾಯಕತ್ವ ಕಂಡಿಲ್ಲ ಎಂದು ಬರೆದಳು. ನಿಜ ಹೇಳಬೇಕೆಂದರೆ ಕ್ಯಾಂಟೀನಿನ ಕ್ಯೂನಲ್ಲಿ ಕೂಡ ಅವಳು ಮುಂದೆ ನಿಂತವಳಲ್ಲ. ಜಾಗತಿಕ ದೃಷ್ಟಿಕೋನ ಎಂದು ಒಂದು ಕಡೆ, ಅಚಲ ಬದ್ಧತೆ ಎಂದು ಇನ್ನೊಂದು ಕಡೆ. ಗಂಗಾಧರಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಾ ಎಂದು ಕೇಳಿ ಸಹಿ ಹಾಕಿದರು. ಅವರ ಇಮೇಲನ್ನು ತೆರೆದು ಪತ್ರ ಕಳಿಸಿದವಳೂ ಸಿರಿಯೇ.

ಆಮೇಲೆ ಕಾಯುವುದು. ನಿರೀಕ್ಷೆಯಷ್ಟು ದೊಡ್ಡ ಪರೀಕ್ಷೆ ಬೇರೊಂದಿಲ್ಲ. ಪಠ್ಯವೂ ಇಲ್ಲ, ಪ್ರಶ್ನೆಪತ್ರಿಕೆಯೂ ಇಲ್ಲ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗಿಂತ ಮೊದಲು ಫೋನು ಕೈಗೆ ಬರುತ್ತಿತ್ತು. ಸಾಲ ಬೇಕೇ ಎಂದು ಬ್ಯಾಂಕು, ವರ ಬೇಕೇ ಎಂದು ಮ್ಯಾಟ್ರಿಮೊನಿ, ಇಬ್ಬರೂ ನಿಷ್ಠೆಯಿಂದ ಬರೆಯುತ್ತಿದ್ದರು. ಬರೆಯಬೇಕಾದವರು ಬರೆಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಎರಡು ಕಡೆಯಿಂದ 'ವಿಷಾದ' ಬಂತು. ಅದಕ್ಕೆ ಅವಳು ಅಷ್ಟೇನೂ ಅಳಲಿಲ್ಲ. ಉಳಿದದ್ದು ಮೂರನೆಯದು, ಯುರೋಪಿನ ಒಂದು ಸರೋವರದ ದಂಡೆಯ ಮೇಲಿನ ಶಾಲೆ, ವಿದ್ಯಾರ್ಥಿವೇತನವೂ ಇತ್ತು. ಅವಳಿಗೆ ನಿಜವಾಗಿ ಬೇಕಿದ್ದದ್ದು ಅದೊಂದೇ. ಅಲ್ಲಿ ಸಿಗದಿದ್ದರೆ ಅಂಗಡಿ, ಅಂಗಡಿಯ ಹಿಂದೆ ಮದುವೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅಮ್ಮ ಆಗಲೇ ಅವಳಿಗೆ ಎರಡು ರೇಷ್ಮೆ ಸೀರೆಗಳಿಗೆ ಫಾಲ್ಸ್ ಹಾಕಿಸಿಟ್ಟಿದ್ದರು.

ಯುಗಾದಿಯ ಮಾರನೆಯ ದಿನ ಸಿರಿ ಒಬ್ಬಟ್ಟಿನ ಡಬ್ಬಿ ಹಿಡಿದು ಯಡಿಯೂರಿಗೆ ಹೋದಳು. ಹೋದ ಮೇಲೆ ಹೊಳೆಯಿತು, ಅಂದು ವರ್ಷತೊಡಕು ಎಂದು. ಹಬ್ಬದ ದಿನ ಸಿಹಿ ತಿಂದ ಮನೆಗಳಲ್ಲಿ ಮಾರನೆಯ ದಿನ ಬಾಡೂಟ. ಲಿಂಗಾಯತರ ಹುಡುಗಿಯನ್ನು ಗೇಟಿನಲ್ಲಿ ಕಂಡದ್ದೇ ಗಂಗಾಧರಯ್ಯನವರ ಹೆಂಡತಿ ಗೌರಮ್ಮ ಅಡುಗೆಮನೆಯ ಬಾಗಿಲು ಎಳೆದುಕೊಂಡರು. ಮಸಾಲೆಗೆ ಬಾಗಿಲು ಲೆಕ್ಕವೇ? ಅದು ಕಿಟಕಿಯಿಂದ ಬಂದು ಸಿರಿಯ ಪಕ್ಕದಲ್ಲೇ ಕೂತಿತು. ಮೇಷ್ಟರು ಸಂಕೋಚದಿಂದ ಕುರ್ಚಿಯನ್ನು ಹೊರಗಿನ ಜಗಲಿಗೆ ಹಾಕಿಸಿ, ಫ್ಯಾನಿಲ್ಲದ್ದಕ್ಕೆ ಕ್ಷಮೆ ಕೇಳಿ, ಒಳ್ಳೆಯ ಸುದ್ದಿಯನ್ನು ಬಚ್ಚಿಟ್ಟುಕೊಂಡವರ ಮುಖ ಮಾಡಿ ಕೂತರು.

"ನೀನು ಅರ್ಜಿ ಹಾಕಿದ್ಯಲ್ಲ, ಆ ಫಾರಿನ್ ಕಾಲೇಜಿಂದ ಫೋನ್ ಮಾಡಿದ್ರಮ್ಮ, ಹೋದ ವಾರ. ಹೆಂಗಸು. ತುಂಬ ಮರ್ಯಾದಸ್ಥೆ. ನನ್ನನ್ನ ಪ್ರೊಫೆಸರ್ ಅಂತಲೇ ಕರೀತಿದ್ರು."

ಸಿರಿ ನೀರಿನ ಲೋಟ ಕೆಳಗಿಟ್ಟಳು. ಏನು ಕೇಳಿದರು ಎಂದಳು. ಮೇಷ್ಟರು ಪ್ರದಕ್ಷಿಣೆ ಹಾಕದೆ ನೇರವಾಗಿ ಉತ್ತರದೊಳಗೆ ಹೋದ ದಿನ ಅದೊಂದೇ. ಈ ಹುಡುಗಿಯಲ್ಲಿ ನೀವು ಕಂಡದ್ದೇನು ಎಂದು ಆಕೆ ಕೇಳಿದರಂತೆ. ಅವರಿಗೆ ನೆನಪಾದದ್ದು ನದಿನೀರಿನ ಚರ್ಚೆ ನಡೆದ ದಿನ. ತರಗತಿಯನ್ನು ಎರಡು ರಾಜ್ಯ ಮಾಡಿದ್ದರು. ಎಲ್ಲರಿಗೂ ಮೇಲಿನ ರಾಜ್ಯವೇ ಬೇಕು, ಕೆಳಗಿನ ರಾಜ್ಯಕ್ಕೆ ಒಬ್ಬರೂ ಇಲ್ಲ. ಸಿರಿ ಎದ್ದು ಆ ಕಡೆ ಹೋಗಿ ಒಬ್ಬಳೇ ಕೂತಳು. ಕಾಲುವೆಯ ಕೊನೆಯಲ್ಲಿ ಹೊಲವಿರುವ ಒಬ್ಬ ಮುದುಕನ ಹಾಗೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಾಡಿದಳು. ನಗಲು ಶುರುಮಾಡಿದವರು ಸ್ವಲ್ಪ ಹೊತ್ತಿಗೆ ಸುಮ್ಮನಾದರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸಿರಿಗೆ ಆ ದಿನ ಮರೆತೇಹೋಗಿತ್ತು. ಮರೆತಿತ್ತು ಎಂದರೂ ತಪ್ಪು. ತನ್ನ ತುಂಟಾಟಗಳ ಗಂಟಿನಲ್ಲಿ ಅದೂ ಒಂದು ಎಂದು ಕಟ್ಟಿ ಇಟ್ಟಿದ್ದಳು. ಪತ್ರದಲ್ಲಿ ಅದರ ಸುಳಿವೂ ಇರಲಿಲ್ಲ.

"ಅವರಿಗೆ ಹೇಳ್ದೆ," ಎಂದರು ಗಂಗಾಧರಯ್ಯ, "ಈ ಹುಡುಗಿ ಇನ್ನೊಬ್ರ ಥರ ಮಾತಾಡ್ತಾಳೆ ಅಂತ ಎಲ್ರೂ ನಗ್ತಾರೆ. ನನ್ನ ಥರಾನೂ ಮಾಡ್ತಾಳೆ, ನಂಗೊತ್ತು. ಆದ್ರೆ ಇನ್ನೊಬ್ರ ಥರ ಮಾತಾಡ್ಬೇಕಾದ್ರೆ ಅವರ ಜಾಗದಲ್ಲಿ ಹೋಗಿ ಕೂತ್ಕೋಬೇಕು. ದೇಶ ದೇಶಗಳ ನಡುವೆ ಬೇಕಾಗಿರೋದು ಅದೇ ಅಲ್ವಾ ಅಂದೆ. ಬಂದಷ್ಟು ಇಂಗ್ಲಿಷಲ್ಲಿ."

ಸಿರಿ ಕಿವಿಯವರೆಗೂ ಕೆಂಪಾದಳು. ಇಷ್ಟು ವರ್ಷ ತಾನು ಇವರನ್ನು ಆಡಿಕೊಂಡರೆ, ಇವರು ತನ್ನನ್ನು ಗಮನಿಸುತ್ತಿದ್ದರು ಎಂದು ಅನ್ನಿಸುವಷ್ಟರಲ್ಲಿ ಮೇಷ್ಟರು ಮುಂದುವರಿಸಿದರು.

"ಕೊನೇಲಿ ಕೇಳಿದ್ರು, ಈ ಲೆಟರ್ ನೀವೇ ಬರ್ದಿದ್ದಾ ಅಂತ. ನಾನಂದೆ, ಅಷ್ಟು ಚೆನ್ನಾಗಿ ನಂಗೆಲ್ಲಿ ಬರ್ಬೇಕು ತಾಯಿ, ಪೂರ್ತಿ ಅವಳದೇ. ಒಂದು ಕಾಮಾನೂ ನಾನು ಮುಟ್ಟಿಲ್ಲ, ನಂದು ಸೈನ್ ಅಷ್ಟೇ. ಅಷ್ಟು ಸ್ವಂತ ಶಕ್ತಿ ಇರೋ ಹುಡುಗಿ ಅಂತ."

"ಅವರೇನಂದ್ರು ಸಾರ್?"

"ನಿಮ್ಮ ಪ್ರಾಮಾಣಿಕತೆಗೆ ಥ್ಯಾಂಕ್ಸ್ ಅಂದ್ರು. ತುಂಬ ಮೆಚ್ಚಿಕೊಂಡಿರ್ಬೇಕು."

ವರ್ಷತೊಡಕಿನ ದಿನ ಆದದ್ದು ವರ್ಷವೆಲ್ಲ ಆಗುತ್ತದೆ ಎನ್ನುತ್ತಾರೆ. ಆ ಜಗಲಿಯಲ್ಲಿ ಸಿರಿಗೆ ಕಂಡದ್ದು ತೊಡಕು ಮಾತ್ರ. ಅರ್ಜಿಯ ಕೊನೆಯ ಪುಟದಲ್ಲಿ, ಶಿಫಾರಸುದಾರರು ಸ್ವತಃ ಬರೆದದ್ದಲ್ಲದ ಪತ್ರ ಬಂದರೆ ಅರ್ಜಿ ರದ್ದು ಎಂಬ ಸಾಲೊಂದಿತ್ತು. ಮೇಲೆಮೇಲೆ ಕಣ್ಣಾಡಿಸಿ ಒಪ್ಪಿಗೆಯ ಟಿಕ್ ಹಾಕಿದ್ದು ಈಗ ನೆನಪಾಯಿತು. ಇಂಥ ಸಾಲುಗಳನ್ನು ಓದಿ ಟಿಕ್ ಹಾಕಿದವರು ಯಾರಿದ್ದಾರೆ? ಮೇಷ್ಟರ ಮುಖ ಮಾತ್ರ ಬಹುಮಾನ ಗೆದ್ದವರ ಹಾಗೆ ಅರಳಿತ್ತು. ತುಂಬ ಥ್ಯಾಂಕ್ಸ್ ಸಾರ್ ಎಂದಳು. ಯಾರ ದನಿಯಲ್ಲಿ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಗೌರಮ್ಮ ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ತೊಳೆದು, ಹಿತ್ತಲಿನ ಕರಿಬೇವು ತುಂಬಿಸಿ ಕೊಟ್ಟರು.

ಅಂದಿನಿಂದ ಕಾಯುವುದರ ಬಣ್ಣವೇ ಬದಲಾಯಿತು. ಮೊದಲು ಮೇಲ್ ಬರಲಿ ಎಂದು ಕಾಯುತ್ತಿದ್ದವಳು ಈಗ ಬಾರದಿರಲಿ ಎಂದು ಕಾದಳು. ಶಾಲೆಗೆ ತಾನೇ ಬರೆದು ವಿವರಿಸಬೇಕೆಂದು ಲ್ಯಾಪ್‌ಟಾಪ್ ತೆರೆದಳು. ನಮ್ಮ ಕಡೆ ಇದು ರೂಢಿ, ಯಾರಿಗೂ ಇದು ಸುಳ್ಳು ಅನ್ನಿಸುವುದಿಲ್ಲ ಎಂದು ಬರೆದಳು. ಓದಿ ನೋಡಿದರೆ ರಾಯಭಾರಿಯೊಬ್ಬ ಪತ್ರಿಕಾಗೋಷ್ಠಿ ಮಾಡಿದ ಹಾಗಿತ್ತು. ಅಳಿಸಿ, ನನಗೆ ಹೀಗೆ ಮಾಡಲು ಹೇಳಿದ್ದು ಮೇಷ್ಟರೇ ಎಂದು ಬರೆದಳು. ಅದು ನಿಜವಾಗಿತ್ತು. ಆದರೆ ಆ ಸಾಲಿನಲ್ಲಿ ಗಂಗಾಧರಯ್ಯ ಕಳ್ಳರ ಹಾಗೆ ಕೈಕಟ್ಟಿ ನಿಂತಿದ್ದರು. ಅದನ್ನೂ ಅಳಿಸಿದಳು. ನೀವೇ ಹೇಳಿ ಸಾರ್, ನಾನು ಬರ್ಕೋತೀನಿ ಎಂದು ಡಿಸೆಂಬರಿನಲ್ಲಿ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಅವರಿಗಿಂತ ಚೆನ್ನಾಗಿ ಅವರ ಹಾಗೆ ಮಾತಾಡಬಲ್ಲೆ ಎಂದುಕೊಂಡಿದ್ದಳು. ಅವರು ಏನು ಹೇಳುತ್ತಾರೆಂದು ಕೇಳಬೇಕು ಅನ್ನಿಸಿರಲೇ ಇಲ್ಲ.

ಮೇಲ್ ಬಂದಾಗ ಅವಳು ಅಂಗಡಿಯಲ್ಲಿದ್ದಳು. ಬಿ.ಟಿ.ಎಂ. ಲೇಔಟಿನ ಗಿರಾಕಿಯೊಬ್ಬರಿಗೆ ಅಪ್ಪ ಬಿಸಿನೀರಿನ ನಲ್ಲಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ವಿವರಿಸುತ್ತಿದ್ದರು. ಪತ್ರ ಅವರು ಬರೆದದ್ದಲ್ಲವೆಂದು ಶಿಫಾರಸುದಾರರಿಂದಲೇ ತಿಳಿದುಬಂದಿದೆ, ಹಾಗಾಗಿ ಅರ್ಜಿಯನ್ನು ಮುಂದೆ ಪರಿಗಣಿಸಲಾಗುವುದಿಲ್ಲ ಎಂದು ಶಾಲೆಯವರು ಬರೆದಿದ್ದರು. ಬೈಗುಳವಿರಲಿಲ್ಲ, ಎಲ್ಲ ಬಹಳ ಮರ್ಯಾದೆಯಾಗಿತ್ತು. ಮನೆಯಲ್ಲಿ ಸೀಟು ಸಿಗಲಿಲ್ಲ ಎಂದಷ್ಟೇ ಹೇಳಿದಳು. ಅಪ್ಪ, ಹೋಗ್ಲಿ ಬಿಡು, ಅವರಿಗೇ ಲಾಸು ಎಂದು ಅಂಗಡಿಯ ಮಾತು ಆಡಿ, ಆಮೇಲೆ ಅವಳ ಮುಖ ನೋಡಲಾರದೆ ಸ್ಟಾಕು ನೋಡಲು ಹೋದರು. ಮಾವ ಫೋನ್ ಮಾಡಿ ಅಫೇರ್ ಮುರಿದುಬಿತ್ತಂತೆ ಎಂದು ಕೇಳಿದರು. ಅವರ ಮೂಗಿನ ದನಿಯನ್ನು ತೆಗೆಯಲು ಬಾಯಿ ತೆರೆದಳು, ಬರಲಿಲ್ಲ. ಹೂಂ ಮಾವ ಎಂದಳು.

ಮೇ ತಿಂಗಳಲ್ಲಿ ಗಂಗಾಧರಯ್ಯನವರೇ ಕರೆ ಮಾಡಿದರು. ಅವಳು ಹೋಗದೆ ದಿನಗಳಾಗಿದ್ದವು. ಅವಳು ಓದಿದ ಕಾಲೇಜಿನ ಸುಮನ್ ಎಂಬ ಹುಡುಗನೂ ಹೊರಗೆ ಓದಲು ಹೊರಟಿದ್ದಾನೆ, ಪತ್ರ ಕೇಳಲು ಬಂದು ಕೂತಿದ್ದಾನೆ, ನೀನು ಎಷ್ಟು ಚೆನ್ನಾಗಿ ಬರ್ಕೊಂಡೆಯಲ್ಲ, ಇವನಿಗೂ ಹೇಗೆ ಬರ್ಕೋಬೇಕು ಅಂತ ಹೇಳಿಕೊಡು ಬಾ ಎಂದರು. ಸೀಟು ಸಿಗಲಿಲ್ಲ ಎಂದು ಅವರಿಗೆ ಗೊತ್ತಿತ್ತು, ಮೆಸೇಜಿನಲ್ಲಿ ತಿಳಿಸಿದ್ದಳು. ಯಾಕೆ ಎಂದು ತಿಳಿಸಿರಲಿಲ್ಲ. ಆದರೂ ಹೋದಳು.

ಸುಮನ್ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವನ ಪತ್ರ ಆಗಲೇ ಅರ್ಧ ಮುಗಿದಿತ್ತು. ಮೊದಲ ಸಾಲಿನಲ್ಲೇ ಸುದೀರ್ಘ ವೃತ್ತಿಜೀವನ, ಎರಡನೆಯದರಲ್ಲಿ ನಾಯಕತ್ವ.

"ಅಕ್ಕಾ, ಸಖತ್ತಾಗಿ ಬಂದಿದೆ ಅಲ್ವಾ?" ಎಂದ.

ಹೇಳದಿದ್ದರೆ ಈ ಹುಡುಗನ ಗತಿಯೂ ತನ್ನದೇ ಆಗುತ್ತದೆ. ಹೇಳಿದರೆ ಎದುರಿಗೆ ಕೂತ ಈ ಮುದುಕರಿಗೆ, ನೀವು ಹೆಮ್ಮೆಯಿಂದ ಆಡಿದ ಮಾತೇ ನನ್ನ ಸೀಟು ತಿಂದಿತು ಎಂದು ಹೇಳಿದಂತೆ. ಸಿರಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇದನ್ನೆಲ್ಲ ತೆಗ್ದುಬಿಡು ಸುಮನ್," ಎಂದಳು. "ಸಾರ್ ಹೇಳ್ಲಿ, ನೀನು ಅವರು ಹೇಳಿದ್ದು ಹೇಳ್ದಂಗೆ ಟೈಪ್ ಮಾಡು. ಒಂದಕ್ಷರಾನೂ ನಿಂದು ಹಾಕ್ಬೇಡ."

ತಮ್ಮ ಇಂಗ್ಲಿಷು ಸರಿಯಿಲ್ಲ ಎಂದು ಮೇಷ್ಟರು ಹಿಂಜರಿದರು. ಈಗೆಲ್ಲ ಹೀಗೇ ಸಾರ್, ರೂಲ್ಸ್ ಬದಲಾಗಿದೆ ಎಂದಳು ಸಿರಿ. ಸುಳ್ಳು ಸಲೀಸಾಗಿ ಬಂತು. ಅವರು ಒಲ್ಲದ ಮನಸ್ಸಿನಿಂದಲೇ ಶುರುಮಾಡಿದರು. ಸುಮನ್ ತರಗತಿಗೆ ತಡವಾಗಿ ಬರುತ್ತಿದ್ದದ್ದು, ಬಂದ ಮೇಲೆ ಹಿಂದಿನ ಬೆಂಚಿನಿಂದ ಎಲ್ಲರೂ ಕೇಳಲು ನಾಚುವ ಪ್ರಶ್ನೆ ಕೇಳುತ್ತಿದ್ದದ್ದು, ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ತಾವು ಮಾರನೆಯ ದಿನ ಓದಿಕೊಂಡು ಬಂದದ್ದು. ಸುಮನ್ ನಾಚಿಕೊಂಡು ಟೈಪ್ ಮಾಡಿದ. ನಾಲ್ಕು ಸಾಲಾಗಿತ್ತು, ಅಷ್ಟರಲ್ಲಿ ಮಾತು ನಿಂತಿತು. ಗಂಗಾಧರಯ್ಯ ಸಿರಿಯ ಕಡೆ ನೋಡುತ್ತಿದ್ದರು.

"ರೂಲ್ಸ್ ಯಾವಾಗ ಬದಲಾಯ್ತಮ್ಮ?"

ಸಿರಿ, ಮುಂದಿನ ಸಾಲು ಟೈಪ್ ಮಾಡು ಎಂದು ಸುಮನ್‌ಗೆ ಸನ್ನೆ ಮಾಡಿದಳು. ಮೇಷ್ಟರು ಬಿಡಲಿಲ್ಲ.

"ಅವತ್ತು ಫೋನಲ್ಲಿ ನಾನು ಹಾಗೆ ಹೇಳ್ಬಾರ್ದಿತ್ತಾ?"

"ಇಲ್ಲ ಸಾರ್. ನೀವು ಹೇಳಿದ್ದು ನಿಜ ತಾನೆ." ಬೇಗ ಹೇಳಿಬಿಟ್ಟಳು, ಯೋಚಿಸಿ ಇಟ್ಟುಕೊಂಡಿದ್ದವರು ಹೇಳುವಷ್ಟು ಬೇಗ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಗೌರಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಎಲ್ಲಿಗೆ ಬಂದಿದ್ದೆವು ಎಂದು ಗಂಗಾಧರಯ್ಯ ಕೇಳಿದಾಗ ಸುಮನ್ ಕೊನೆಯ ಸಾಲು ಓದಿ ಹೇಳಿದ.

"ಅದೆಲ್ಲ ಬೇಡ, ಅಳಿಸು," ಎಂದರು. "ಮೊದ್ಲಿಂದ ಹೇಳ್ತೀನಿ."

ಈ ಸಲ ಅವರು ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಒಂದೊಂದೇ ಇಂಗ್ಲಿಷ್ ಪದವನ್ನು ಹುಡುಕಿ, ತೂಗಿ, ಸರಿಯಿಲ್ಲವೆನಿಸಿದರೆ ವಾಪಸು ತೆಗೆದುಕೊಂಡು ಹೇಳತೊಡಗಿದರು. ಮಧ್ಯಾಹ್ನ ಜಾರಿತು. ಕಾಫಿ ಆರಿತು. ಸಿರಿ ಎದುರಿನ ಕುರ್ಚಿಯಲ್ಲಿ ಕೂತು ಕೇಳಿದಳು. ಪತ್ರ ಮುಗಿಯುವವರೆಗೂ ಅವರು ಅವಳ ಕಡೆ ತಿರುಗಿ ನೋಡಲಿಲ್ಲ.