ಗುರಲಿಂಗಪ್ಪನವರ ಕೋಟು

ಕುಂಟಬೇಕೋ, ಬೇಡವೋ? ಸಮಿತಿ ಕುಳಿತಿದ್ದ ಕೋಣೆಯ ಬಾಗಿಲಲ್ಲಿ ನಿಂತ ಸಂಗುವಿಗೆ ಅದೊಂದೇ ಚಿಂತೆ. ಗುರಲಿಂಗಪ್ಪನವರು ಎಡಗಾಲು ಎಳೆದು ನಡೆಯುತ್ತಿದ್ದರು. ಒಳಗಿದ್ದವರಲ್ಲಿ ಯಾರಾದರೂ ಅವರನ್ನು ಕಂಡಿದ್ದರೆ? ಕಂಡಿದ್ದರೆ ಕುಂಟಿ ತಾನೇ ಏನು ಬಂತು, ಮುಖ ಬೇರೆಯಲ್ಲವೇ?

ಗುರಲಿಂಗಪ್ಪನವರು ತೀರಿಕೊಂಡು ಮೂರು ತಿಂಗಳಾಗಿತ್ತು. ಬಬಲೇಶ್ವರ ರಸ್ತೆಯ ಈ ವಿಶ್ವವಿದ್ಯಾಲಯದಲ್ಲಿ ನಾಲ್ಕು ನಿಕಾಯಗಳು, ಹದಿನೆಂಟು ವಿಭಾಗಗಳು. ಭಾಷಾ ನಿಕಾಯದ ಶಾಸನಶಾಸ್ತ್ರ ವಿಭಾಗ ಎಲ್ಲಕ್ಕಿಂತ ಚಿಕ್ಕದು. ಅಲ್ಲಿದ್ದವರು ಪ್ರಾಧ್ಯಾಪಕರಾಗಿ ಗುರಲಿಂಗಪ್ಪನವರೊಬ್ಬರು, ಒಬ್ಬ ಅತಿಥಿ ಉಪನ್ಯಾಸಕ, ಆರು ಜನ ವಿದ್ಯಾರ್ಥಿಗಳು. ಪ್ರಾಧ್ಯಾಪಕರಿಲ್ಲದ ವಿಭಾಗವನ್ನು ತಪಾಸಣೆಗೆ ಬಂದ ಈ ಸಮಿತಿ ಮುಚ್ಚಿಸುತ್ತದೆ. ಮುಚ್ಚಿದರೆ, ಹನ್ನೊಂದು ವರ್ಷ ಅತಿಥಿಯಾಗಿಯೇ ಪಾಠ ಹೇಳಿದ ಸಂಗು ಸೊಲ್ಲಾಪುರ ರಸ್ತೆಯಲ್ಲಿ ಭಾವನ ಟೈರ್ ಅಂಗಡಿಗೆ ಹೋಗಿ ಕೂಡಬೇಕು. ಅದಕ್ಕೇ ಕಚೇರಿಯ ರಾಮಲಿಂಗ ಸಿಬ್ಬಂದಿಯ ಹಳೆಯ ಪಟ್ಟಿಯನ್ನೇ ಸಮಿತಿಗೆ ಕೊಟ್ಟು, ಸತ್ತವರ ಕುರ್ಚಿಯಲ್ಲಿ ಸಂಗುವನ್ನು ಕೂಡಿಸುವ ಉಪಾಯ ಹೂಡಿದ್ದ.

“ಅವ್ರು ತಲಿ ಎಣಸ್ತಾರ, ಮಾರಿ ನೋಡಂಗಿಲ್ಲಲೇ,” ಅಂದಿದ್ದ ರಾಮಲಿಂಗ. “ಸತ್ತವ್ರಿಗೆ ರಜಾ ಎಲ್ಲಿ ಐತಿ?”

ಸರ್ ಅವರ ಕೋಟು ತರಲು ಸಂಗು ಹಿಂದಿನ ದಿನ ತಿಕೋಟಾದ ಅವರ ಮನೆಗೆ ಹೋಗಿದ್ದ. ಅವರ ಹೆಂಡತಿ ಶಂಕ್ರೆವ್ವ ಟ್ರಂಕಿನಿಂದ ಕಂದು ಕೋಟು ತೆಗೆದು ಝಾಡಿಸಿ ಕೈಗಿಟ್ಟರು.

“ನಾಳೆ ಸಂಜೀಕ ತಂದುಬಿಡು ತಮ್ಮಾ. ಅವ್ರಿಗೆ ಬೇಕಾಗ್ತೈತಿ.”

ದುಃಖದಲ್ಲಿ ಮಾತು ತಪ್ಪಿರಬೇಕು ಎಂದುಕೊಂಡ ಸಂಗು. ಗುರಲಿಂಗಪ್ಪನವರು ಅವನಿಗಿಂತ ಗೇಣುದ್ದ ಎತ್ತರದವರು. ಆದರೆ ಈ ಬೆಳಿಗ್ಗೆ ತೊಟ್ಟಾಗ ಕೋಟಿನ ತೋಳು ಅವನ ಮಣಿಕಟ್ಟಿಗೇ ಸರಿಯಾಗಿ ಬಂದು ನಿಂತಿತು.

ಒಳಗಿನಿಂದ ಗುರಲಿಂಗಪ್ಪನವರ ಹೆಸರು ಕೂಗಿದರು. ನೆಟ್ಟಗೇ ನಡೆಯುವುದೆಂದು ನಿರ್ಧರಿಸಿ ಸಂಗು ಹೆಜ್ಜೆ ಇಟ್ಟ. ಎಡಗಾಲು ಹಿಂದೆ ಉಳಿಯಿತು.

ಸಮಿತಿಯ ಹಿರಿಯರು ವಿಭಾಗದ ಧ್ಯೇಯವೇನೆಂದು ಕೇಳಿದರು. ರಾಮಲಿಂಗ ಅದನ್ನು ಬಾಯಿಪಾಠ ಮಾಡಿಸಿದ್ದ: ಗುಣಮಟ್ಟದ ಶಿಕ್ಷಣ, ಸಂಶೋಧನೆ, ಗ್ರಾಮೀಣ ಭಾಗದ ಏಳಿಗೆ. ಸಂಗು ಅದನ್ನೇ ಹೇಳಲು ಬಾಯಿ ತೆರೆದ. ಹೊರಬಂದದ್ದು ಬೇರೆ, ಅದೂ ಅವನದಲ್ಲದ ನಿಧಾನದಲ್ಲಿ.

“ಕಲ್ಲಿನ ಮೇಲೆ ಸವೆದುಹೋದ ಸಾಲನ್ನು ಬಿಟ್ಟು ಓದಬಾರದು. ಅಲ್ಲಿ ಯಾರೋ ಇರುತ್ತಾರೆ.”

ಹಿರಿಯರು ಕಡತದ ತಳದಿಂದ ಹಳದಿ ತಿರುಗಿದ ಹಾಳೆಯೊಂದನ್ನು ಎಳೆದರು. ವಿಭಾಗ ಶುರುವಾದ ವರ್ಷ ಗುರಲಿಂಗಪ್ಪನವರು ಕೈಯಾರೆ ಬರೆದ ಅರ್ಜಿ ಅದು. ಸಂಗು ಅದನ್ನು ಎಂದೂ ಕಂಡಿರಲಿಲ್ಲ. ಮೊದಲ ಎರಡು ಸಾಲು ಅವೇ ಆಗಿದ್ದವು. ಹಿರಿಯರು ತೃಪ್ತಿಯಿಂದ ತಲೆಯಾಡಿಸಿ, ವಿಭಾಗ ಇನ್ನೈದು ವರ್ಷ ನಡೆಯಲಿ ಎಂದು ಬರೆದು, ಪುಸ್ತಕವನ್ನು ಸಹಿಗಾಗಿ ಮುಂದಕ್ಕೆ ಸರಿಸಿದರು. ಸಂಗು ಸಹಿ ಮಾಡಿದ. ಅರ್ಜಿಯ ಅಡಿಯಲ್ಲಿದ್ದ ಸಹಿಯಂತೆಯೇ ಅದೂ ಬಲಕ್ಕೆ ವಾಲಿತ್ತು.

ಹೊರಗೆ ರಾಮಲಿಂಗ ಚಹಾ ಹಿಡಿದು ನಿಂತಿದ್ದ. ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದನೆಂದು ಕಾಣುತ್ತದೆ. ಹನ್ನೊಂದು ವರ್ಷ ಲೇ ಅನ್ನದೆ ಮಾತಾಡಿಸದವನು ಈಗ ನೆಲ ನೋಡುತ್ತ, “ಚಾ ತಗೋರಿ ಸರ್,” ಅಂದ. ಚೇಷ್ಟೆಯಿರಬೇಕೆಂದು ಸಂಗು ಅವನ ನಗುವಿಗಾಗಿ ಕಾದ. ರಾಮಲಿಂಗ ನಗಲಿಲ್ಲ.

ಸಂಜೆ ತಿಕೋಟಾದಲ್ಲಿ ಬಸ್ಸಿಳಿದವನು ಕಾಲನ್ನು ನೆಟ್ಟಗಿಡಲು ಎಷ್ಟೋ ಸಲ ನೋಡಿದ. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡ. ಆದರೂ ಕಾಲು ಎಳೆಯುತ್ತಲೇ ಇತ್ತು. ನಿನ್ನೆ ಅವನನ್ನು ಕಂಡು ಗಂಟಲು ಹರಿಯುವಂತೆ ಬೊಗಳಿದ್ದ ಆ ಮನೆಯ ನಾಯಿ, ಇಂದು ಓಣಿಯ ತುದಿಗೇ ಬಂದು ಬಾಲ ಅಲ್ಲಾಡಿಸುತ್ತ ದಾರಿ ತೋರಿಸುವಂತೆ ಮುಂದೆ ನಡೆಯಿತು.

ಶಂಕ್ರೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೆ ತಲೆಯೆತ್ತಲಿಲ್ಲ. ಸೆರಗು ಸರಿಮಾಡಿಕೊಂಡರು, ಅಷ್ಟೇ.

“ಇಷ್ಟ್ಯಾಕ ತಡಾ ಮಾಡಿದ್ರಿ? ಕಾಲಿಗೆ ನೀರ ಇಟ್ಟೇನಿ.”

ನಿನ್ನೆ ತಮ್ಮಾ ಅಂದವರು. ಹೊಸ್ತಿಲ ಪಕ್ಕದಲ್ಲಿ ತುಂಬಿದ ತಂಬಿಗೆಯಿತ್ತು. ಒಳಗೆ ಎರಡು ತಾಟು ಹಾಕಿದ್ದು ಕಾಣುತ್ತಿತ್ತು. ಸಂಗು ಕೋಟನ್ನು ಗೂಟಕ್ಕೆ ತೂಗುಹಾಕಿದ. ಗೂಟ ಎಲ್ಲಿದೆಯೆಂದು ಅವನು ಹುಡುಕಲಿಲ್ಲ. ತಂಬಿಗೆ ಎತ್ತಿ ಮೊದಲು ಎಡಗಾಲು ತೊಳೆದುಕೊಂಡ.

ಅವ್ವಾರ, ನಾ ಸಂಗು ಅಂತ ಅವನು ಹೇಳಲಿಲ್ಲ.